ದೈವದ ಪಾಲು, ಅಂಬಿಗನ ಪಾಲು

ಗಾಳಿಗೆ ಸೀಳಿದ ಹಾಯಿಗೆ ವಿಮೆ ಸಿಗುವುದಿಲ್ಲ. ಹಾಯಿದೋಣಿ ನಡೆಯುವುದೇ ಗಾಳಿಯಿಂದ. ಆದರೂ ಖಾಸಗಿ ಹಾಯಿದೋಣಿಗಳ ವಿಮೆಗೆ ಹಲವು ದೇಶಗಳಲ್ಲಿ ಮಾದರಿಯಾದ ಲಂಡನ್ನಿನ ‘ಇನ್‌ಸ್ಟಿಟ್ಯೂಟ್ ಯಾಟ್ ಕ್ಲಾಜಸ್’ ಎಂಬ 1985ರ ಷರತ್ತುಪತ್ರದ ಪ್ರಕಾರ, ಏರಿಸಿದ ಹಾಯಿ ಗಾಳಿಗೆ ಹರಿದರೆ ಅಥವಾ ಹಾರಿಹೋದರೆ ಆ ನಷ್ಟ ಮಾಲೀಕನದು. ಅದೇ ಗಾಳಿಗೆ ಕೂವೆಮರ ಮುರಿದು, ಅದರ ಜೊತೆಗೆ ಹಾಯಿಯೂ ಹರಿದರೆ ಕಂಪನಿ ದುಡ್ಡು ಕೊಡುತ್ತದೆ. ದೋಣಿಗೆ ಸಿಡಿಲು ಬಡಿದರೆ ಪರಿಹಾರ ಉಂಟು, ಭೂಕಂಪವಾದರೂ ಉಂಟು. ಹಿಂದೆ ಸಿಕ್ಕಿಸಿದ ಮೋಟಾರು ಕಳಚಿ ನೀರಿಗೆ ಬಿದ್ದರೆ ಇಲ್ಲ.

ಇಂಥ ಎರಡು ಪಾಲಿಸಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತವರು ಮೊದಲು ನೋಡುವುದು ಕಂತಿನ ಮೊತ್ತ. ಅನುಭವಸ್ಥರು ನೋಡುವುದು ಬೇರೆ. ದೋಣಿ ಪೂರ್ತಿ ಹೋದರೆ ಮೊದಲೇ ಒಪ್ಪಿಕೊಂಡ ಬೆಲೆ ಸಿಗುತ್ತದೋ, ಹೋದ ದಿನದ ಮಾರುಕಟ್ಟೆ ಬೆಲೆ ಸಿಗುತ್ತದೋ? ಹೆಸರಿಸಿದ ಅಪಾಯಗಳಿಗಷ್ಟೇ ರಕ್ಷಣೆಯೋ, ಹೊರಗಿಟ್ಟವನ್ನು ಬಿಟ್ಟು ಉಳಿದೆಲ್ಲದಕ್ಕೂ ರಕ್ಷಣೆಯೋ? ಕಟ್ಟುವಾಗಲೇ ಮರದೊಳಗೆ ಉಳಿದಿದ್ದ, ಯಾರ ಕಣ್ಣಿಗೂ ಬೀಳದ ದೋಷದಿಂದ ದೋಣಿ ಒಡೆದರೆ ಏನು ಗತಿ? 1985ರ ಷರತ್ತುಗಳಲ್ಲಿ ಇದಕ್ಕೆ ಸೊಗಸಾದ ಉತ್ತರವಿದೆ. ಆ ಗುಪ್ತ ದೋಷದಿಂದ ಆದ ಹಾನಿಗೆ ದುಡ್ಡು ಕೊಡಬಹುದು, ದೋಷವಿದ್ದ ಭಾಗವನ್ನು ಬದಲಿಸುವ ಖರ್ಚನ್ನು ಮಾತ್ರ ಕೊಡುವುದಿಲ್ಲ. ಭಾರತದ 1963ರ ಸಾಗರ ವಿಮಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗಾಳಿ ಮತ್ತು ಅಲೆಗಳ ಸಾಮಾನ್ಯ ವರ್ತನೆಯನ್ನು ಸಮುದ್ರದ ಅಪಾಯಗಳ ಪಟ್ಟಿಯಿಂದಲೇ ತೆಗೆದಿದೆ. ಸಹಜ ಸವೆತಕ್ಕೆ ವಿಮೆಯಿಲ್ಲ, ವಸ್ತುವಿನ ಸ್ವಭಾವದಲ್ಲೇ ಇರುವ ಕೆಡುಕಿಗೆ ಇಲ್ಲ, ಇಲಿ ಕಡಿದದ್ದಕ್ಕೆ ಇಲ್ಲ, ಮಾಲೀಕ ಬೇಕೆಂದೇ ಮಾಡಿದ ಕಿತಾಪತಿಗಂತೂ ಇಲ್ಲವೇ ಇಲ್ಲ.

ವಕೀಲರ ಭಾಷೆಯ ಈ ಪುಟಗಳು ಒಳಗೊಳಗೆ ಧರ್ಮಶಾಸ್ತ್ರದ ಪ್ರಶ್ನೆಯನ್ನೇ ಕೇಳುತ್ತವೆ. ಒಂದು ಕೇಡು ಬಂದೆರಗಿದಾಗ ಅದರಲ್ಲಿ ದೈವದ ಪಾಲೆಷ್ಟು, ವಸ್ತುವಿನ ಗುಣದ ಪಾಲೆಷ್ಟು, ಮನುಷ್ಯನ ತಪ್ಪಿನ ಪಾಲೆಷ್ಟು? ಪಾಲಿಸಿಗಳು ಭಿನ್ನವಾಗುವುದು ಈ ಗೆರೆಗಳನ್ನು ಎಲ್ಲಿ ಎಳೆಯುತ್ತವೆ ಎಂಬುದರಲ್ಲಿ. ಕಂತಿನ ವ್ಯತ್ಯಾಸ ಅದನ್ನು ಹಿಂಬಾಲಿಸುತ್ತದೆ.

ಈ ಪ್ರಶ್ನೆಯನ್ನು ಕೊಪ್ಪಳ ಜಿಲ್ಲೆಗೆ ತಂದರೆ, ಇಲ್ಲಿ ಹಾಯಿದೋಣಿ ಇಟ್ಟುಕೊಂಡವರನ್ನು ಹುಡುಕುವುದು ವ್ಯರ್ಥ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಗುಳೆ. ಆದರೆ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ತುಂಗಭದ್ರಾ ದಡದಲ್ಲಿ ಖಾಸಗಿ ಒಡೆತನದ ಜಲವಾಹನವೊಂದು ಶತಮಾನಗಳಿಂದ ಸುತ್ತುತ್ತಿದೆ. ಅದಕ್ಕೆ ಹಾಯಿಯಿಲ್ಲ, ಮುಂದು ಹಿಂದು ಎಂಬುದೂ ಇಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇದನ್ನು ಕಂಡು ಬೆರಗಾದ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಅಗತ್ಯ ಬಿದ್ದರೆ ಕುದುರೆ ಎತ್ತುಗಳೂ ದಾಟುತ್ತವೆ, ನೆಟ್ಟಗೆ ಹೋಗಲಾರದೆ ಸದಾ ತಿರುಗುತ್ತಲೇ ಇರುತ್ತದೆ ಎಂದು ಬರೆದಿಟ್ಟ. ಇಂದು ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಬುಟ್ಟಿಯ ಹೆಣಿಗೆ, ಒಂದೇ ಹುಟ್ಟು, ತಿರುಗುವ ಚಾಳಿ ಹಾಗೆಯೇ ಉಳಿದಿವೆ. ಹರಿಗೋಲು, ತೆಪ್ಪ ಎಂದು ಕರೆಯುವ ಇದನ್ನೇ ನಂಬಿಕೊಂಡು ಅಂಬಿಗರು ಮೀನು ಹಿಡಿದಿದ್ದಾರೆ, ಪ್ರವಾಸಿಗರನ್ನು ದಾಟಿಸಿದ್ದಾರೆ, ನವವೃಂದಾವನ ನಡುಗಡ್ಡೆಗೆ ಭಕ್ತರನ್ನು ಮುಟ್ಟಿಸಿದ್ದಾರೆ.

ಈ ಹರಿಗೋಲಿಗೆ ಹೋಲಿಸಿ ನೋಡಲು ಯಾವ ಪಾಲಿಸಿಗಳಿವೆ? ದೋಣಿಯ ಒಡಲಿಗೆ ವಿಮೆ ಮಾಡಬೇಕಾದರೆ ನೋಂದಣಿ ಬೇಕು, ಬೆಲೆ ಕಟ್ಟುವ ಸರ್ವೇಯರ್ ಬೇಕು, ನೀರಿಗಿಳಿಯಲು ಯೋಗ್ಯ ಎಂಬ ಖಾತ್ರಿ ಬೇಕು. ಹೆಣೆದವನೇ ಮಾಲೀಕ, ಅವನೇ ಸರ್ವೇಯರ್ ಆಗಿರುವ ಬುಟ್ಟಿಗೆ ಇದ್ಯಾವುದೂ ಇರುವುದಿಲ್ಲ. 1917ರ ಹಳೆಯ ಕಾನೂನನ್ನು ತೆಗೆದು ತಂದ 2021ರ ಒಳನಾಡು ಹಡಗು ಕಾಯ್ದೆ ವಿಮೆಯನ್ನು ಕಡ್ಡಾಯ ಮಾಡಿದ್ದು ಯಂತ್ರದಿಂದ ನಡೆಯುವ ವಾಹನಗಳಿಗೆ. ಹುಟ್ಟಿನಿಂದ ನಡೆಯುವವುಗಳ ಹೆಸರು ಬರೆದಿಟ್ಟುಕೊಳ್ಳುವ ಹೊಣೆಯನ್ನು ಅದು ಸ್ಥಳೀಯ ಸಂಸ್ಥೆಗಳ ಕಡೆಗೆ ಸರಿಸಿತು.

ಉಳಿಯುವುದು ಅಂಬಿಗನ ದೇಹದ ವಿಮೆ. 2015ರಲ್ಲಿ ಬಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಮೊದಲು ವರ್ಷಕ್ಕೆ 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ರೂಪಾಯಿ. 18ರಿಂದ 70 ವರ್ಷದೊಳಗಿನವರು ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಮೀನುಗಾರನೆಂದು ದಾಖಲಾದವನಿಗೆ ಮತ್ಸ್ಯ ಸಂಪದ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ 5 ಲಕ್ಷ, ಕಂತನ್ನು ಸರ್ಕಾರವೇ ತುಂಬುತ್ತದೆ. ಅದೇ ಮನುಷ್ಯ ಬೆಳಿಗ್ಗೆ ಬಲೆ ಬೀಸಿ ಮಧ್ಯಾಹ್ನ ಭಕ್ತರನ್ನು ದಾಟಿಸಿದರೆ ಎರಡೂ ಹೊತ್ತಿಗೆ ನದಿ ಒಂದೇ, ಕಾಗದದಲ್ಲಿ ಮಾತ್ರ ಎರಡು ಕಸುಬು. ಇನ್ನು ಬುಟ್ಟಿಯಲ್ಲಿ ಕೂತವರ ಕಥೆ. ಗಂಗಾವತಿಯಿಂದ ಆನೆಗೊಂದಿಗೆ ಅವರನ್ನು ತಂದ ಟೆಂಪೊಗೆ 1988ರ ಮೋಟಾರು ವಾಹನ ಕಾಯ್ದೆಯಂತೆ ಥರ್ಡ್ ಪಾರ್ಟಿ ವಿಮೆ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಾರೆ. ಅಲ್ಲಿಂದ ನೀರಿಗಿಳಿದ ಮೇಲೆ, ಇಡೀ ಪ್ರಯಾಣದಲ್ಲಿ ಅತಿ ಅಪಾಯದ ಆ ಕೆಲವೇ ನಿಮಿಷಗಳಿಗೆ, ಅವರ ಪರವಾಗಿ ಕಡ್ಡಾಯದ ಕಾಗದ ಯಾವುದೂ ಇಲ್ಲ.

ಸುರಕ್ಷಾ ಬಿಮಾದ ನಿಯಮಗಳಲ್ಲಿ ಅಪಘಾತ ಎಂದರೇನು ಎಂಬ ವಿವರಣೆಯಿದೆ. ಹಠಾತ್ತಾಗಿ, ನಿರೀಕ್ಷೆಯಿಲ್ಲದೆ, ಇಚ್ಛೆಯಿಲ್ಲದೆ, ಹೊರಗಿನಿಂದ ಬಂದ, ಕಣ್ಣಿಗೆ ಕಾಣುವ ಕಾರಣದಿಂದ ಆದದ್ದು ಅಪಘಾತ. ಕಾಣುವ ಕಾರಣ ಎಂಬ ಷರತ್ತು ಇಲ್ಲಿನ ಯಾವ ಹಿರಿಯರಿಗಾದರೂ ವಿಚಿತ್ರವೆನಿಸೀತು. ಹೊಳೆಯಲ್ಲಿ ಯಾರಾದರೂ ಹೋದರೆ ದಡದ ಮಾತು ಹಣೆಬರಹಕ್ಕೆ, ಗಂಗಮ್ಮನ ಮುನಿಸಿಗೆ, ಹಿಂದಿನ ಜನ್ಮದ ಲೆಕ್ಕಕ್ಕೆ ಹೋಗಿ ನಿಲ್ಲುತ್ತದೆ. ‘ದೇವ್ರು ಇಟ್ಟಂಗ ಆಗ್ತೈತಿ’ ಎಂಬ ಮಾತಿನೆದುರು 20 ರೂಪಾಯಿಯ ಪಾಲಿಸಿ ಅಧಿಕಪ್ರಸಂಗದಂತೆ ಕಾಣುವುದೂ ಉಂಟು. ಭರವಸೆಯನ್ನು ಬ್ಯಾಂಕಿನಲ್ಲಿಡುವುದಾದರೆ ದೇವರಲ್ಲಿ ಇಟ್ಟದ್ದೆಷ್ಟು ಎಂದು ಕೇಳುವವರಿದ್ದಾರೆ.

ಈ ಪ್ರಶ್ನೆಗೆ ನಮ್ಮ ಹಳೆಯ ಶಾಸ್ತ್ರಕಾರರು ಅಷ್ಟು ಸುಲಭವಾಗಿ ಕೈಮುಗಿದು ಕೂತಿರಲಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೇ ಅಧಿಕರಣದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿ ಬರುತ್ತಾನೆ. ಸಾಕಷ್ಟು ಆಳಿಲ್ಲದೆ, ಸಲಕರಣೆಯಿಲ್ಲದೆ, ರಿಪೇರಿಯಿಲ್ಲದೆ ಬಿಟ್ಟ ದೋಣಿ ಮುಳುಗಿದರೆ ನಷ್ಟವನ್ನು ಅವನೇ ತುಂಬಿಕೊಡಬೇಕು. ಮುಳುಗಿದವರ ಗ್ರಹಚಾರದ ವಿಚಾರಣೆ ಅಲ್ಲಿ ನಡೆಯುವುದಿಲ್ಲ. ಮನುಸ್ಮೃತಿಯ ಎಂಟನೇ ಅಧ್ಯಾಯ ಇನ್ನೂ ಸ್ಪಷ್ಟ. ಅಂಬಿಗರ ತಪ್ಪಿನಿಂದ ದೋಣಿಯಲ್ಲಿದ್ದ ಸರಕು ಹಾಳಾದರೆ ಅಂಬಿಗರೆಲ್ಲ ಸೇರಿ ತಂತಮ್ಮ ಪಾಲು ಹಾಕಿ ಕೊಡಬೇಕು. ದೈವಿಕವಾಗಿ ಆದದ್ದಕ್ಕೆ ದಂಡವಿಲ್ಲ. ಇಂದಿನ ಪಾಲಿಸಿಗಳ ಮುಖ್ಯ ಗೆರೆ ಇಲ್ಲೇ ಬಿದ್ದಿದೆ. ಅದರ ಜೊತೆಗೆ ಇನ್ನೊಂದು ವಿಚಾರವೂ ಸದ್ದಿಲ್ಲದೆ ಸೇರಿದೆ. ತಪ್ಪು ಒಬ್ಬನದಾದರೂ ಹೊಣೆಯನ್ನು ಗುಂಪು ಹಂಚಿಕೊಳ್ಳುತ್ತದೆ.

ಕಲ್ಯಾಣ ಕರ್ನಾಟಕಕ್ಕೆ ಈ ಚರ್ಚೆ ಹೊರಗಿನದಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದವನು. ಅದೇ ದೊರೆಯ ದಂಡನಾಯಕ ಮಹಾದೇವ 1112ರಲ್ಲಿ ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿನ ಶಾಸನ ದೇವಾಲಯಗಳ ಚಕ್ರವರ್ತಿ ಎಂದು ಕೊಂಡಾಡುತ್ತದೆ. ಯಾಜ್ಞವಲ್ಕ್ಯ ಸ್ಮೃತಿ ಸಾಲದ ಬಡ್ಡಿಯ ಲೆಕ್ಕ ಹೇಳುವಾಗ ಕಾಡುದಾರಿಯಲ್ಲಿ ವ್ಯಾಪಾರಕ್ಕೆ ಹೋಗುವವರಿಗೆ ನೂರಕ್ಕೆ ಹತ್ತು, ಸಮುದ್ರಕ್ಕೆ ಹೋಗುವವರಿಗೆ ನೂರಕ್ಕೆ ಇಪ್ಪತ್ತು ಎಂದು ನಿಗದಿ ಮಾಡಿತ್ತು. ಇದು ತಿಂಗಳ ಬಡ್ಡಿ. ಇಷ್ಟು ದುಬಾರಿ ಏಕೆಂದರೆ, ಹೆಚ್ಚಿನ ಲಾಭಕ್ಕಾಗಿ ಇವರು ಕಾಲಿಡುವುದು ಪ್ರಾಣ ಮತ್ತು ಹಣ ಎರಡೂ ಹೋಗುವ ಶಂಕೆಯಿರುವ ಜಾಗಕ್ಕೆ ಎಂದು ವಿಜ್ಞಾನೇಶ್ವರ ಬಿಡಿಸಿ ಹೇಳಿದ. ಅಪಾಯಕ್ಕೆ ಬೆಲೆಯಿದೆ, ಅದನ್ನು ಅಂಕಿಯಲ್ಲಿ ಬರೆಯಬಹುದು ಎಂಬುದು ಅವನಿಗೆ ಅಧರ್ಮವಾಗಿ ಕಾಣಲಿಲ್ಲ. ಸ್ವಲ್ಪ ಕಾಲದ ನಂತರ, 13ನೇ ಶತಮಾನದ ಯುರೋಪಿನಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ಇದಕ್ಕೆ ತದ್ವಿರುದ್ಧ ನಿಲುವು ತಳೆದ. ಕಡಲ ಅಪಾಯವನ್ನು ನೆಪ ಮಾಡಿ ಸಾಲದ ಮೇಲೆ ಹೆಚ್ಚು ವಸೂಲಿ ಮಾಡುವವನು ಬಡ್ಡಿಕೋರನೇ ಎಂದ. ಮುಂದೆ ಇಟಲಿಯ ವರ್ತಕರು ಸಾಲವನ್ನೂ ಅಪಾಯವನ್ನೂ ಬೇರ್ಪಡಿಸಿ, ಅಪಾಯವನ್ನಷ್ಟೇ ಕೊಂಡು ಮಾರತೊಡಗಿದರು. ಇಂದಿನ ವಿಮಾ ಪಾಲಿಸಿಯ ಹುಟ್ಟಿನ ಹಿಂದೆ ಧರ್ಮಗುರುಗಳ ಆ ತಕರಾರಿನ ಒತ್ತಡವೂ ಇದೆ.

ಯಾಜ್ಞವಲ್ಕ್ಯ ಸ್ಮೃತಿಯ ಮೊದಲ ಅಧ್ಯಾಯದಲ್ಲಿ ಮನುವಿನ ಗೆರೆಯನ್ನೇ ಅಲುಗಾಡಿಸುವ ಮಾತೊಂದಿದೆ. ಕೆಲಸ ಕೈಗೂಡುವುದು ದೈವ ಮತ್ತು ಪುರುಷಪ್ರಯತ್ನ ಎರಡರಲ್ಲೂ ನಿಂತಿದೆ ಎಂದು ಹೇಳಿ, ದೈವವೆಂದರೆ ಹಿಂದಿನ ದೇಹದಲ್ಲಿ ಮಾಡಿದ ಪ್ರಯತ್ನವೇ ಈಗ ಫಲವಾಗಿ ಕಾಣಿಸಿಕೊಂಡದ್ದು ಎನ್ನುತ್ತದೆ ಅದು. ಹಾಗಾದರೆ ದೈವಿಕ ಎಂದು ಬದಿಗಿಡುವ ಯಾವ ಅಪಘಾತವೂ ಪೂರ್ತಿ ಹೊರಗಿನದಲ್ಲ. ಕಾಣದ ಹಳೆಯ ಕಾರಣವನ್ನು ಯಾವ ಸರ್ವೇಯರೂ ಪತ್ತೆ ಮಾಡಲಾರ, ಆದ್ದರಿಂದ ನ್ಯಾಯಸಭೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರ್ಮವನ್ನು ನಂಬುವ ಸಮಾಜವೂ ಮುಳುಗಿದ ದೋಣಿಯ ಮುಂದೆ ನಿಂತಾಗ ಹುಟ್ಟು, ಹಗ್ಗ, ಆಳುಗಳ ಲೆಕ್ಕವನ್ನೇ ಕೇಳಿತು.

ನವವೃಂದಾವನದ ನಡುಗಡ್ಡೆಗೆ ಬಂದರೆ ಪ್ರಶ್ನೆ ಬೇರೆ ಎತ್ತರಕ್ಕೆ ಏರುತ್ತದೆ. ಮಧ್ವಾಚಾರ್ಯರ ನೇರ ಶಿಷ್ಯ ಪದ್ಮನಾಭತೀರ್ಥರಿಂದ ಹಿಡಿದು 1539ರಲ್ಲಿ ವೃಂದಾವನಸ್ಥರಾದ ವ್ಯಾಸರಾಜರವರೆಗೆ, ಅವರ ನಂತರದವರೂ ಸೇರಿ ಒಂಬತ್ತು ಯತಿಗಳು ಇಲ್ಲಿದ್ದಾರೆ. ಅವರ ಸಿದ್ಧಾಂತದಲ್ಲಿ ಹರಿಯೊಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಪರತಂತ್ರ. ಹುಲ್ಲುಕಡ್ಡಿಯೂ ಅವನ ಇಚ್ಛೆಯಿಲ್ಲದೆ ಅಲುಗದು ಎನ್ನುವ ಮತದಲ್ಲಿ ಅಂಬಿಗನ ನಿರ್ಲಕ್ಷ್ಯಕ್ಕೆ ಜಾಗವೆಲ್ಲಿ ಎಂದು ಕೇಳಬಹುದು. ಮಧ್ವರು ಅದನ್ನು ಬ್ರಹ್ಮಸೂತ್ರ ಭಾಷ್ಯದಲ್ಲೇ ಎದುರಿಸಿದ್ದಾರೆ. ಜೀವ ಕರ್ತೃವಲ್ಲದಿದ್ದರೆ ಇದನ್ನು ಮಾಡು, ಇದನ್ನು ಬಿಡು ಎನ್ನುವ ಶಾಸ್ತ್ರಕ್ಕೆ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದ ಜೀವ ಕರ್ತೃವೇ ಹೌದು, ಆದರೆ ಆ ಕರ್ತೃತ್ವ ಭಗವಂತನ ಅಧೀನ. ನದಿಯ ಭಾಷೆಯಲ್ಲಿ ಹೇಳುವುದಾದರೆ, ಹುಟ್ಟು ಹಾಕುವ ಶಕ್ತಿ ಕೊಟ್ಟವನು ಹರಿ, ಹುಟ್ಟು ಹಾಕದೆ ಕೂತದ್ದು ಅಂಬಿಗನದೇ ತಪ್ಪು. ಪರಮ ಅವಲಂಬನೆಯ ಈ ದರ್ಶನ ಮನುಷ್ಯನನ್ನು ಹೊಣೆಯಿಂದ ಬಿಡುಗಡೆ ಮಾಡುವುದಿಲ್ಲ.

ವ್ಯಾಸರಾಜರ ಶಿಷ್ಯರಾದ ಪುರಂದರದಾಸರು ದೇವರನ್ನೇ ಅಂಬಿಗನೆಂದು ಕರೆದ ಕೀರ್ತನೆ ಕನ್ನಡದ ಮನೆಮನೆಯಲ್ಲಿದೆ. ದೇಹವನ್ನು ಒಂಬತ್ತು ತೂತಿನ, ತುಂಬಿದ ಹರಿಗೋಲಾಗಿ ಅವರು ಕಾಣುತ್ತಾರೆ. 1963ರ ಕಾಯ್ದೆಯ ಪ್ರಕಾರ ಅಂಥ ದೋಣಿ ಯಾನಕ್ಕೆ ಯೋಗ್ಯವಲ್ಲ. ತೂತುಗಳ ವಿಷಯ ಮುಚ್ಚಿಟ್ಟರೆ ಪಾಲಿಸಿಯೇ ರದ್ದಾದೀತು, ಏಕೆಂದರೆ ವಿಮೆಯ ಒಪ್ಪಂದಕ್ಕೆ ಎರಡೂ ಕಡೆಯ ಪರಮ ವಿಶ್ವಾಸ ಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ದಾಸರು ತೂತುಗಳನ್ನು ಮುಚ್ಚಿಡಲಿಲ್ಲ, ಎಣಿಸಿ ಹೇಳಿ ಆಮೇಲೆ ಶರಣಾದರು. ದೇವರ ಮುಂದಿನ ಈ ಪ್ರಾಮಾಣಿಕತೆಯನ್ನು ಹೊಳೆಯ ದಡಕ್ಕೂ ತಂದರೆ ಮೊದಲ ಕೆಲಸ ಡಾಂಬರು ಹಚ್ಚುವುದೇ ಆಗುತ್ತದೆ.

ಇದೇ ತುಂಗಭದ್ರೆಯ ಮೇಲ್ಗಡೆ, ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರದ ಜೊತೆ ಹೆಸರು ಬೆಸೆದುಕೊಂಡ 12ನೇ ಶತಮಾನದ ಅಂಬಿಗರ ಚೌಡಯ್ಯ ಶರಣರಲ್ಲೇ ಬಿರುಸು ಮಾತಿನವನು. ಉಳಿದವರು ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟರೆ ಅವನು ಕಸುಬಿನ ಸಮೇತ ತನ್ನ ಹೆಸರನ್ನೇ ಇಟ್ಟ. ಆಡಿದ ಮಾತಿಗೆ ತಾನೇ ಜವಾಬ್ದಾರ ಎಂಬ ಧಾಟಿ ಅದರಲ್ಲಿದೆ. ಕಾಯಕವೇ ಪೂಜೆಯಾದ ದರ್ಶನದಲ್ಲಿ ಕಾಯಕ ಕೆಟ್ಟರೆ ಪೂಜೆ ಕೆಟ್ಟಂತೆ. ತೂತು ಬಿದ್ದ ಹರಿಗೋಲಿಗೆ ಜನ ತುಂಬಿಸಿದವನು ದೇವರತ್ತ ಬೆರಳು ತೋರಿಸುವಂತಿಲ್ಲ.

ಗಂಗಾವತಿ, ಕೊಪ್ಪಳದ ಮುಸ್ಲಿಂ ಕುಟುಂಬಗಳಿಗೆ ಈ ಪ್ರಶ್ನೆ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನಲ್ಲಿ ಭರವಸೆ ಇಡಬೇಕೆಂಬ ಪ್ರವಾದಿ ಬೋಧನೆ ಅವರಿಗೆ ಗೊತ್ತೇ ಇದೆ, ಹಾಗಾಗಿ ಮುಂಜಾಗ್ರತೆಗೆ ಅಡ್ಡಿಯಿಲ್ಲ. ಅಡ್ಡಿ ಇರುವುದು ವ್ಯಾಪಾರದ ಸ್ವರೂಪಕ್ಕೆ. ಡಮಾಸ್ಕಸ್ಸಿನ ಹನಫಿ ವಿದ್ವಾಂಸ ಇಬ್ನ್ ಆಬಿದೀನ್ (ಮರಣ 1836) ಯುರೋಪಿನ ವರ್ತಕರ ಹಡಗು ವಿಮೆಯನ್ನೇ ಕೈಗೆತ್ತಿಕೊಂಡು, ಇಸ್ಲಾಮಿ ಆಡಳಿತದ ನೆಲದಲ್ಲಿ ಅದು ಸಲ್ಲದು ಎಂದ. 1985ರಲ್ಲಿ ಜಿದ್ದಾದ ಇಸ್ಲಾಮಿಕ್ ಫಿಖ್ ಅಕಾಡೆಮಿ ಕೊಟ್ಟ ತೀರ್ಪು ಹೆಚ್ಚು ಸ್ಪಷ್ಟವಾಗಿದೆ. ನಿಗದಿತ ಕಂತಿನ ವಾಣಿಜ್ಯ ವಿಮೆಯಲ್ಲಿ ಒಪ್ಪಂದವನ್ನೇ ಕೆಡಿಸುವಷ್ಟು ಅನಿಶ್ಚಿತತೆ ಇದೆ, ಪರಸ್ಪರ ನೆರವಿನ ಸಹಕಾರಿ ವಿಮೆ ಮಾತ್ರ ಒಪ್ಪಿತ. ಕೊಡುವ 20 ರೂಪಾಯಿಗೆ ಏನೂ ಬಾರದಿರಬಹುದು, 2 ಲಕ್ಷ ಬರಬಹುದು, ಇದರಲ್ಲಿ ಜೂಜಿನ ವಾಸನೆಯಿದೆ ಎಂಬುದು ಹಳೆಯ ಆಕ್ಷೇಪ. 1963ರ ಕಾಯ್ದೆಗೂ ಜೂಜಿನ ಭಯವಿತ್ತು. ದೋಣಿಯಲ್ಲಿ ಸ್ವಂತ ಹಿತಾಸಕ್ತಿ ಇಲ್ಲದವನು ಅದರ ಮೇಲೆ ಮಾಡಿಸಿದ ವಿಮೆ ಬರೀ ಪಂದ್ಯ ಎಂದು ಅದು ತಳ್ಳಿಹಾಕುತ್ತದೆ.

ಧರ್ಮಗ್ರಂಥಗಳೂ ಕಾಯ್ದೆಗಳೂ ಇಷ್ಟು ಹತ್ತಿರ ಬಂದು ನಿಂತರೂ ದೈವದ ಗೆರೆಯನ್ನು ಈ ನದಿಯ ಮೇಲೆ ಎಳೆಯುವುದು ಈಗ ಕಷ್ಟ. ತುಂಗಭದ್ರೆ ಈಗ ತನ್ನಷ್ಟಕ್ಕೆ ತಾನು ಹರಿಯುವ ಹೊಳೆಯಲ್ಲ. 1953ರಲ್ಲಿ ನೀರು ನಿಂತ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟುಗಳಿವೆ. ಮುನಿರಾಬಾದಿನ ಬಳಿ ಗೇಟು ಎಷ್ಟು ಎತ್ತಿದರು ಎಂಬುದರ ಮೇಲೆ ಆನೆಗೊಂದಿಯ ಹೊಳೆ ಏರುತ್ತದೆ, ಇಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಮೇಲಿನಿಂದ ಬಂದ ನೆರೆ ಮತ್ತು ಜಲಾಶಯದಿಂದ ಬಿಟ್ಟ ನೀರು ಸೇರಿ ಆನೆಗೊಂದಿ ಸಮೀಪದ ವಿರೂಪಾಪುರ ಗಡ್ಡೆಯನ್ನು ಸುತ್ತುವರಿದಾಗ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ರಕ್ಷಣೆಗೆ ಇಳಿದ ಸಿಬ್ಬಂದಿಯ ದೋಣಿಯೇ ಮಗುಚಿ, ಅವರನ್ನೂ ರಕ್ಷಿಸಬೇಕಾಯಿತು. ಮಳೆ ದೈವದ್ದೆನ್ನೋಣ. ಗೇಟು ಯಾರದು? ನದಿಪಾತ್ರದ ಗಡ್ಡೆಯಲ್ಲಿ ರೆಸಾರ್ಟ್ ಎದ್ದದ್ದು ಯಾರ ಕರ್ಮ?

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಅಡ್ಡಗಟ್ಟು ಇಳಿಸಿ ನೀರು ತಡೆಯುವವರೆಗೆ ಕೆಳಗಿನ ಊರುಗಳು ಉಸಿರು ಬಿಗಿಹಿಡಿದಿದ್ದವು. ಎಪ್ಪತ್ತು ವರ್ಷ ನೀರಿನಲ್ಲಿ ನಿಂತ ಕಬ್ಬಿಣ ತುಂಡಾದರೆ ಹಾಯಿದೋಣಿಯ ಪಾಲಿಸಿ ಅದನ್ನು ಸಹಜ ಸವೆತ ಎನ್ನುತ್ತದೆ, ಕೌಟಿಲ್ಯ ರಿಪೇರಿಯಿಲ್ಲದ ದೋಣಿ ಎನ್ನುತ್ತಾನೆ, ದಡದಲ್ಲಿ ಕೆಲವರು ವಿಧಿ ಎನ್ನುತ್ತಾರೆ. ಜಲಾಶಯ ತುಂಬಿದಾಗ ಮಂತ್ರಿಗಳು ಬಾಗಿನ ಕೊಡುವುದು ನಾಡಿನ ವಾಡಿಕೆ. ತುಂಬಿದ್ದಕ್ಕೆ ದೇವರಿಗೆ ಕೃತಜ್ಞತೆ ಸಲ್ಲಿಸುವವರು ಒಡೆದಾಗಲೂ ಅದನ್ನು ದೇವರ ಖಾತೆಗೇ ಬರೆಯುವುದು ತರ್ಕಬದ್ಧವೇನೋ ಹೌದು, ಕೌಟಿಲ್ಯನ ನಾವಧ್ಯಕ್ಷನಿಗೆ ಮಾತ್ರ ಆ ಸೌಲಭ್ಯ ಇರಲಿಲ್ಲ.

ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ ಕಟ್ಟುತ್ತಿದ್ದ ಸೇತುವೆಯ ಕಥೆಯೂ ಹೀಗೆಯೇ. ಹಂಪಿಯ ಸ್ಮಾರಕಗಳ ಪಕ್ಕದ ಈ ನಿರ್ಮಾಣದ ವಿವಾದದಿಂದ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು, 2006ರಲ್ಲಿ ತೆಗೆಯಿತು. 2009ರ ಜನವರಿಯಲ್ಲಿ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಆಗ ಹೊಳೆಯಲ್ಲಿ ನೆರೆ ಇರಲಿಲ್ಲ. ಅಷ್ಟು ವರ್ಷ ಅಪಾಯಕಾರಿ ಎನಿಸಿಕೊಂಡಿದ್ದ ಹರಿಗೋಲುಗಳೇ ಮತ್ತೆ ಜನರನ್ನು ದಾಟಿಸಿದವು.

ದೇವರ ದರ್ಶನಕ್ಕೆ ಹೊರಟ ದೋಣಿಗೆ ದೇವರೇ ಕಾವಲು ಎಂಬ ನಂಬಿಕೆಯನ್ನು ಪರೀಕ್ಷೆಗೊಡ್ಡಿದ ಘಟನೆ 2019ರ ಜನವರಿ 21ರಂದು ಕಾರವಾರದ ಬಳಿ ನಡೆಯಿತು. ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯ ದೋಣಿ ಮಗುಚಿ 16 ಮಂದಿ ಸತ್ತರು. ಹಿಡಿಯುವುದಕ್ಕಿಂತ ಹೆಚ್ಚು ಜನ, ಜೀವರಕ್ಷಕ ಜಾಕೆಟ್ ಇಲ್ಲದ ಪ್ರಯಾಣ ಎಂಬ ಮಾತುಗಳೇ ಆಮೇಲೆ ಕೇಳಿಬಂದವು. ಮನುವಿನ ಎರಡು ಖಾನೆಗಳಲ್ಲಿ ಇದು ಯಾವುದಕ್ಕೆ ಸೇರಬೇಕೆಂದು ಹೇಳಲು ಪಂಡಿತರು ಬೇಕಿಲ್ಲ.

ನೀರಿನಿಂದ ದೂರದ ಕುಷ್ಟಗಿ, ಯಲಬುರ್ಗಾದ ಮಸಾರಿ ಹೊಲಗಳಿಗೆ ಬಂದರೆ ವಿಮೆಯ ಮಾತು ಎಲ್ಲರ ಬಾಯಲ್ಲೂ ಇದೆ. ‘ಬೆಳಿವಿಮೆ ತುಂಬೀರೇನು?’ ಎಂಬುದು ಮುಂಗಾರಿನ ಕುಶಲಪ್ರಶ್ನೆ. 2016ರಿಂದ ನಡೆಯುತ್ತಿರುವ ಫಸಲ್ ಬಿಮಾ ಯೋಜನೆಯಲ್ಲಿ ರೈತ ತುಂಬುವುದು ವಿಮಾ ಮೊತ್ತದ ಶೇ 2 ಮುಂಗಾರಿಗೆ, ಶೇ 1.5 ಹಿಂಗಾರಿಗೆ, ಶೇ 5 ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ. ಇಲ್ಲಿ ದೈವದ ಪಾಲನ್ನು ಅಳೆಯುವ ಕೋಲು ಬೇರೆ. ಮುಖ್ಯ ಬೆಳೆಗಳಿಗೆ ಒಬ್ಬೊಬ್ಬ ರೈತನ ಹೊಲ ನೋಡುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಆಯ್ದ ತಾಕುಗಳ ಬೆಳೆ ಕೊಯ್ದು ತೂಗಿ, ಸರಾಸರಿ ಇಳುವರಿ ನಿಗದಿತ ಮಟ್ಟಕ್ಕಿಂತ ಇಳಿದರೆ ಎಲ್ಲರಿಗೂ ಪರಿಹಾರ, ಇಳಿಯದಿದ್ದರೆ ಯಾರಿಗೂ ಇಲ್ಲ. ಆಲಿಕಲ್ಲು, ಹೊಲದಲ್ಲಿ ನೀರು ನಿಲ್ಲುವುದು ಮುಂತಾದ ಕೆಲವು ಹಾನಿಗಳಿಗಷ್ಟೇ 72 ಗಂಟೆಯೊಳಗೆ ತಿಳಿಸಿದವನ ಹೊಲದ ಪ್ರತ್ಯೇಕ ಪರಿಶೀಲನೆ.

ಕರ್ಮ ಒಬ್ಬೊಬ್ಬನ ಖಾತೆ ಎಂದು ಕಲಿಸಿದ ನೆಲವಿದು. ಜೈನರ ಮಹಾತೀರ್ಥವಾಗಿದ್ದ ಕೊಪಣದಲ್ಲಿ, ಅಂದರೆ ಇಂದಿನ ಕೊಪ್ಪಳದಲ್ಲಿ, ತನ್ನ ಕರ್ಮವನ್ನು ತಾನೇ ಸವೆಸಬೇಕೆಂದು ಸಲ್ಲೇಖನ ವ್ರತ ಹಿಡಿದವರ ನಿಷಿಧಿಗಳಿವೆ. ಫಸಲ್ ಬಿಮಾ ಅದರ ಮೇಲೆ ಪಂಚಾಯಿತಿ ಗಡಿಯಷ್ಟು ದೊಡ್ಡ ಸಾಮೂಹಿಕ ವಿಧಿಯನ್ನು ತಂದು ಕೂರಿಸಿದೆ. ಒಬ್ಬನ ಸಜ್ಜೆ ಒಣಗಿ, ಸುತ್ತಲಿನವರದು ಉಳಿದರೆ ಅವನ ಕಷ್ಟಕ್ಕೆ ಅಂಕಿಯೇ ಇಲ್ಲ. ರೈತರು ಇದನ್ನು ಅನ್ಯಾಯ ಎನ್ನುವುದರಲ್ಲಿ ಹುರುಳಿದೆ. ಆದರೆ ಹೊಲ ಹೊಲಕ್ಕೂ ಸರ್ವೇಯರ್ ಹೋಗಿ ಬರದ ಪಾಲು ಯಾವುದು, ಕಳೆ ತೆಗೆಯದ್ದರ ಪಾಲು ಯಾವುದು ಎಂದು ಬಿಡಿಸಲು ಹೊರಟರೆ ಆಗುವ ಖರ್ಚು ಮತ್ತು ಜಗಳ ಎರಡೂ ದೊಡ್ಡವು. ಸರಾಸರಿ ಎಂಬುದು ತಪ್ಪನ್ನೂ ದೈವವನ್ನೂ ಬೇರ್ಪಡಿಸುವ ಕೆಲಸವನ್ನೇ ಕೈಬಿಟ್ಟು ಪಡೆದ ಅನುಕೂಲ.

ಕೊಪ್ಪಳದ ಗವಿಮಠದಲ್ಲಿ ಇದೆರಡಕ್ಕೂ ಹೊರತಾದ ದಾರಿ ಕಾಣುತ್ತದೆ. ಪ್ರತಿ ಜನವರಿಯ ಹೊತ್ತಿಗೆ ನಡೆಯುವ ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿಹಳ್ಳಿಯಿಂದ ರೊಟ್ಟಿ, ಕಾಳು, ಸಿಹಿ ಬರುತ್ತವೆ, ಬಂದವರೆಲ್ಲ ಉಣ್ಣುತ್ತಾರೆ. ದಾಸೋಹದಲ್ಲಿ ಕಂತಿಲ್ಲ, ಕ್ಲೇಮಿಲ್ಲ. ಬರಗಾಲದ ವರ್ಷ ಕಡಿಮೆ ತಂದವನಿಗೆ ಕಡಿಮೆ ಬಡಿಸುವುದಿಲ್ಲ. ಅದರ ದೊಡ್ಡತನವೇ ಅದರ ಮಿತಿ ಕೂಡ, ಅಲ್ಲಿ ಹಕ್ಕಿನಿಂದ ಕೇಳುವಂತಿಲ್ಲ. ಹೊಳೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಊಟ ಸಿಗುತ್ತದೆ, ಹರಿಗೋಲಿನ ಬೆಲೆ ಸಿಗುವುದಿಲ್ಲ. ಸರ್ಕಾರದ ಪ್ರಕೃತಿ ವಿಕೋಪ ನಿಧಿಯ ಪರಿಹಾರವೂ ದೈವಿಕ ಎಂಬ ಶಿಕ್ಕೆ ಬಿದ್ದ ಕೇಡುಗಳಿಗೇ ಮೀಸಲು. ಅದೇ ಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ, ಪಾಲ್ಕಿಗುಂಡಿನಲ್ಲಿ ಇನ್ನೊಂದು. ಪರಾಕ್ರಮದಿಂದ, ಅಂದರೆ ಬಿಡದ ಪ್ರಯತ್ನದಿಂದ, ದೊಡ್ಡವರಷ್ಟೇ ಅಲ್ಲದೆ ಸಣ್ಣವರೂ ಸ್ವರ್ಗದ ಫಲ ಪಡೆಯಬಲ್ಲರು ಎಂಬುದು ಅದರ ಸಾರ. ಹಣೆಬರಹದ ಮಾತು ಅಲ್ಲಿ ಇಲ್ಲ.

ಆನೆಗೊಂದಿಯ ಅಂಬಿಗನಿಗೆ ಇವುಗಳ ನಡುವೆ ಒಂದು ಜಾಗ ಉಳಿದಿದೆ. ಮನು ಹೇಳಿದಂತೆ ಅಂಬಿಗರೆಲ್ಲ ಪಾಲು ಹಾಕುವ, ಜಿದ್ದಾದ ವಿದ್ವಾಂಸರು ಒಪ್ಪಿದಂತೆ ಲಾಭಕೋರರಿಲ್ಲದ, ಪ್ರತಿ ಸವಾರಿಯ ದುಡ್ಡಿನಿಂದ ಒಂದೆರಡು ರೂಪಾಯಿ ತೆಗೆದಿಡುವ ಸಹಕಾರಿ ನಿಧಿ. ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. ಸಹಕಾರ ಸಂಘಗಳ ರೈತ ಸದಸ್ಯರ ಸಣ್ಣ ಕಂತುಗಳಿಂದ ಶಸ್ತ್ರಚಿಕಿತ್ಸೆಯ ಖರ್ಚು ಭರಿಸುವ ಯಶಸ್ವಿನಿ 2003ರಲ್ಲಿ ಶುರುವಾಗಿ, ನಡುವೆ ನಿಂತು, 2022ರಲ್ಲಿ ಮತ್ತೆ ಎದ್ದಿತು. ಹರಿಗೋಲಿನ ನಿಧಿಗೆ ಬೇಕಾದ ಮೊದಲ ಕಾಗದ 2021ರ ಕಾಯ್ದೆ ಹೇಳುವ ಸ್ಥಳೀಯ ನೋಂದಣಿ, ಎರಡನೆಯದು ಪ್ರತಿ ಬುಟ್ಟಿಗೆ ಎಷ್ಟು ಜನ ಎಂಬ ಮಿತಿ. ಆಮೇಲೆ ನಷ್ಟ ಬಂದಾಗ ಅದನ್ನು ಬರೆದುಕೊಳ್ಳುವ ಪುಸ್ತಕ. ಹಳೆಯ ಸ್ಮೃತಿಗೆ ಅದರಲ್ಲಿ ಎರಡು ಕಾಲಂ ಸಾಕಿತ್ತು, ಒಂದು ಅಂಬಿಗನ ತಪ್ಪಿಗೆ, ಇನ್ನೊಂದು ದೈವಕ್ಕೆ. ದಡದಲ್ಲಿ ಕಟ್ಟಿಟ್ಟ ಹರಿಗೋಲು ರಾತ್ರೋರಾತ್ರಿ ಬಿಟ್ಟ ನೀರಿಗೆ ಹೋದ ದಿನ ಆ ಪುಸ್ತಕಕ್ಕೆ ಮೂರನೆಯ ಕಾಲಂ ಎಳೆದು, ಅದರ ಮೇಲೆ ಅಣೆಕಟ್ಟು ನಡೆಸುವ ತುಂಗಭದ್ರಾ ಮಂಡಳಿಯ ಹೆಸರು ಬರೆಯಬೇಕಾಗುತ್ತದೆ.